ಮಕ್ಕಳಿಗೆ ಕೊಟ್ಟ ತಾರೀಖನ್ನು ಕಿತ್ತುಕೊಳ್ಳಬೇಡಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರಗಳು.

ನಾನು 32 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದ ಶಿಕ್ಷಕಿ. 19 ವರ್ಷಗಳಿಂದ ಸಂಜೆಯ ಹೊತ್ತು ಮಕ್ಕಳಿಗೆ ಹಾಡು ಕಲಿಸಿ ಗೀತನಾಟಕ ಆಡಿಸುತ್ತಿದ್ದೇನೆ. ತಮಗೆ ಇದುವರೆಗೆ ಒಂದು ಪತ್ರವನ್ನೂ ಬರೆದವಳಲ್ಲ. ರಂಗಮಂದಿರದ ಕಚೇರಿಗೆ ಮಾತ್ರ ಹನ್ನೊಂದು ಪತ್ರ ಬರೆದಿದ್ದೇನೆ. ಸ್ವೀಕೃತಿಯ ಮೊಹರು ಬಿದ್ದ ಪ್ರತಿಗಳು ನನ್ನ ಬಳಿ ಇವೆ, ಉತ್ತರ ಒಂದಕ್ಕೂ ಬಂದಿಲ್ಲ. ಹನ್ನೆರಡನೆಯದನ್ನು ಊರಿನವರೆಲ್ಲ ಓದಲಿ ಎಂದು ಹೀಗೆ ಬರೆಯುತ್ತಿದ್ದೇನೆ.

ಕೇಳುತ್ತಿರುವುದು ದೊಡ್ಡದೇನಲ್ಲ. ನಮ್ಮ ಮಕ್ಕಳ ನಾಟಕಕ್ಕೆ ಜಿಲ್ಲಾ ರಂಗಮಂದಿರದಲ್ಲಿ ಒಂದು ತಾರೀಖು ಕೊಡಿಸಿ. ಕೊಟ್ಟ ತಾರೀಖನ್ನು ಯಾರೂ ಕಿತ್ತುಕೊಳ್ಳದಂತೆ ನೋಡಿಕೊಳ್ಳಿ.

ನಾಟಕ ಯಾವುದೆಂದು ಹೇಳಬೇಕಲ್ಲವೇ? ಗೋವಿನ ಹಾಡು. ಪುಣ್ಯಕೋಟಿಯ ಕಥೆ ಗೊತ್ತಿಲ್ಲದ ಕನ್ನಡದ ಮನೆ ಇಲ್ಲ, ಬರೆದವರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಇದನ್ನು ಹತ್ತು ನಿಮಿಷದ ನೃತ್ಯ ಮಾಡಿ ಮುಗಿಸುವುದನ್ನು ಎಷ್ಟೋ ವರ್ಷ ನೋಡಿದ್ದೇನೆ. ಧ್ವನಿಮುದ್ರಿಕೆ ಹಾಡುತ್ತದೆ, ಮಕ್ಕಳು ಬಾಯಿ ಆಡಿಸುತ್ತಾರೆ. ನಮಗೆ ಅದು ಬೇಡವಾಗಿತ್ತು. ಎಪ್ಪತ್ತೈದು ನಿಮಿಷ, ಮೊದಲಿನಿಂದ ಕೊನೆಯವರೆಗೆ ಹಾಡು, ನಡುವೆ ಒಂದು ಮಾತೂ ಇಲ್ಲ. ಏಳರಿಂದ ಹದಿನಾಲ್ಕು ವರ್ಷದ 34 ಮಕ್ಕಳು. ಹಾರ್ಮೋನಿಯಂ, ಕೊಳಲು, ಖಂಜಿರ, ಒಂದು ಡೊಳ್ಳು. ಹಸುವಿಗೆ ಮುಖವಾಡ ಇಲ್ಲ, ಬಾಲ ಇಲ್ಲ. ಕೊರಳಲ್ಲಿ ಒಂದು ಗಂಟೆ ಅಷ್ಟೇ. ಗೊಲ್ಲ ಗಂಗೆ, ಗೌರಿ, ತುಂಗಭದ್ರೆ ಎಂದು ಹೆಸರು ಹಿಡಿದು ಕರೆಯುವಾಗ ಮಕ್ಕಳು ಪ್ರೇಕ್ಷಕರ ಹಿಂದಿನ ಬಾಗಿಲುಗಳಿಂದ ಒಬ್ಬೊಬ್ಬರಾಗಿ ಗಂಟೆ ಅಲುಗಿಸುತ್ತ ಬರುತ್ತಾರೆ. ಒಂದೊಂದು ಗಂಟೆಗೆ ಒಂದೊಂದು ಶ್ರುತಿ. ಅವನ್ನು ಹುಡುಕಿ ಹೊಂದಿಸಲು ನಾನು ಮೂರು ಸಂತೆ ಅಲೆದಿದ್ದೇನೆ.

ಹುಲಿಯ ಪಾತ್ರಕ್ಕೆ ಮೂವರು ಮಕ್ಕಳು. ಒಬ್ಬ ಹಾಡುತ್ತಾನೆ, ಇಬ್ಬರು ಅವನ ಬೆನ್ನ ಹಿಂದೆ ಉಸಿರು ಬಿಡುತ್ತಾರೆ. ಇದು ಮಕ್ಕಳೇ ಹುಡುಕಿಕೊಂಡ ಉಪಾಯ. ಹಾಡುವ ಹುಡುಗ ಒಂದು ಸಂಜೆ ಕೇಳಿದ: “ಟೀಚರ್, ಪುಣ್ಯಕೋಟಿ ಕರುವಿಗೆ ಹಾಲು ಕೊಟ್ಟು ಬರುವ ತನಕ ಹುಲಿ ಏನು ಮಾಡುತ್ತಿರುತ್ತದೆ?” ಹಾಡಿನಲ್ಲಿ ಅದಕ್ಕೆ ಉತ್ತರ ಇಲ್ಲ. ಆದ್ದರಿಂದ ನಾವು ಹುಲಿಯನ್ನು ರಂಗದ ಒಂದು ಮೂಲೆಯಲ್ಲಿ ಸುಮ್ಮನೆ ಕೂರಿಸಿದೆವು. ಈ ಕಡೆ ತಾಯಿ ಕರುವಿಗೆ ಬುದ್ಧಿ ಹೇಳುತ್ತಿದ್ದರೆ ಆ ಕಡೆ ಹುಲಿ ಹಸಿದು ಕಾಯುತ್ತಿರುತ್ತದೆ. ಆಗೊಮ್ಮೆ ಈಗೊಮ್ಮೆ ಡೊಳ್ಳಿನ ಮೇಲೆ ಒಂದೇ ಒಂದು ಪೆಟ್ಟು. ಇಷ್ಟು ವರ್ಷಗಳಲ್ಲಿ ನಾನು ಕಟ್ಟಿದ ದೃಶ್ಯಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ.

ಇದನ್ನು ಇದುವರೆಗೆ ಯಾರೂ ನೋಡಿಲ್ಲ.

ಶಾಲೆಯ ಮೈದಾನದಲ್ಲಿ ಆಡಿಸಿ ಎಂದು ಕಚೇರಿಯಲ್ಲಿ ಹೇಳಿದರು. ಬಯಲಿನಲ್ಲಿ ಎಳೆಯ ಗಂಟಲು ಹತ್ತು ಮಾರು ದಾಟುವುದಿಲ್ಲ. ಮೈಕ್ ಹಿಡಿದರೆ 34 ದನಿಗಳು ಸೇರಿ ಕಿರುಚಾಟವಾಗುತ್ತದೆ, ಗಂಟೆಯ ಶ್ರುತಿ ಸತ್ತೇ ಹೋಗುತ್ತದೆ. ಗೋಡೆ, ಚಾವಣಿ, ಮೌನ ಇವು ಮೂರೂ ಇರುವ ಜಾಗ ನಮ್ಮ ಊರಿನಲ್ಲಿ ಒಂದೇ. ಜನರ ತೆರಿಗೆಯಲ್ಲಿ ಕಟ್ಟಿದ ಜಿಲ್ಲಾ ರಂಗಮಂದಿರ.

ಕೊಟ್ಟ ತಾರೀಖನ್ನು ನಮ್ಮಿಂದ ಕಿತ್ತುಕೊಂಡ ದಿನ ಏನಾಯಿತು ಎಂದು ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಆಗಸ್ಟ್‌ನಲ್ಲೇ ಬಾಡಿಗೆ, ಠೇವಣಿ ಎರಡೂ ಕಟ್ಟಿ, ಮಕ್ಕಳ ದಿನಾಚರಣೆಯ ಮರುವಾರದ ಭಾನುವಾರಕ್ಕೆ ರಸೀದಿ ಪಡೆದಿದ್ದೆವು. ಅಂದು ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಸಿದೆವು. ತಾಯಂದಿರು ತಮ್ಮ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಪರದೆಯನ್ನು ಕಟ್ಟಿದೆವು. ಮಧ್ಯಾಹ್ನ ಎರಡೂವರೆಗೆ ಬಣ್ಣದ ಕೋಣೆಯಲ್ಲಿ ಅರ್ಧದಷ್ಟು ಮಕ್ಕಳ ಮುಖಕ್ಕೆ ಬಣ್ಣ ಹಚ್ಚಿ ಮುಗಿದಿತ್ತು. ಆಗ ಹತ್ತು ಹನ್ನೆರಡು ಮಂದಿ ಫ್ಲೆಕ್ಸ್ ಹೊತ್ತುಕೊಂಡು ಒಳಗೆ ಬಂದರು. ಒಬ್ಬ ಮುಖಂಡರ ಹುಟ್ಟುಹಬ್ಬದ ಅಭಿನಂದನಾ ಸಮಾರಂಭ ಅಂದು ಸಂಜೆ ಅಲ್ಲೇ ನಡೆಯಬೇಕಂತೆ. ನಾನು ರಸೀದಿ ತೋರಿಸಿದೆ. ವ್ಯವಸ್ಥಾಪಕರಿಗೆ ಫೋನ್ ಮಾಡಿದೆ. ಅವರು ಹೇಳಿದ ಮಾತು ಇದು: “ಮಕ್ಕಳ ನಾಟಕ ತಾನೇ ಮೇಡಂ, ಇನ್ನೊಂದು ದಿನ ಆಡಿಸಿ.”

ಪರದೆಯನ್ನು ಬಿಚ್ಚಲಿಲ್ಲ, ಎಳೆದರು. ನಡುವೆ ಹರಿಯಿತು. ಬಿಳಿ ಬಟ್ಟೆ ಹೊದಿಸಿದ ಸೋಫಾಗಳು ರಂಗದ ಮೇಲೆ ಬಂದವು. ಹುಲಿಯಾಗಿದ್ದ ಹುಡುಗ ಡೊಳ್ಳನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದುಕೊಂಡು ಮೆಟ್ಟಿಲಿಳಿದ. ಕರುವಾಗಿದ್ದ ಹುಡುಗಿಗೆ ಏಳು ವರ್ಷ. ಮುಖದ ಬಣ್ಣ ತೊಳೆಯಲು ಒಪ್ಪದೆ ಸಂಜೆ ಆರರವರೆಗೆ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ತಾಯಿ ಗಾರ್ಮೆಂಟ್ ಕಾರ್ಖಾನೆಯಲ್ಲಿ ಸಂಬಳ ಕಡಿತದ ರಜೆ ಹಾಕಿ ಬಂದಿದ್ದರು. ಮೊಮ್ಮಗಳ ನಾಟಕ ನೋಡಲೆಂದು ಹಳ್ಳಿಯಿಂದ 28 ಕಿಲೋಮೀಟರ್ ಬಸ್ಸಿನಲ್ಲಿ ಬಂದಿದ್ದ ಅಜ್ಜಿ ಒಬ್ಬರು, “ಯಾವಾಗ ಶುರು ಮಾಡುತ್ತೀರಮ್ಮ?” ಎಂದು ನನ್ನನ್ನು ನಾಲ್ಕು ಸಲ ಕೇಳಿದರು. ಕೆಲವು ತಂದೆಯಂದಿರು ಮೆಟ್ಟಿಲ ಮೇಲೆಯೇ ಹಾಡಿಸಿ ಎಂದರು. ಒಳಗಿನಿಂದ ಧ್ವನಿವರ್ಧಕಗಳ ಅಬ್ಬರ ಹೊರಗೆ ಹೊಡೆಯುತ್ತಿತ್ತು. ನಾನು ಬೇಡವೆಂದೆ. ಅಂದು ಹಾಡಿಸಿಯೇ ಬಿಡಬೇಕಿತ್ತೇನೋ ಎಂದು ಈಗಲೂ ರಾತ್ರಿ ಎಚ್ಚರವಾದಾಗ ಅನ್ನಿಸುತ್ತದೆ.

ರಸೀದಿಯ ಹಿಂಬದಿಯಲ್ಲಿ ಅಚ್ಚಾಗಿರುವ ನಿಯಮಗಳು ತಮಗೆ ಗೊತ್ತಿರುತ್ತವೆ, ನಾನು ವಿವರಿಸಬೇಕಾಗಿಲ್ಲ. ಸರ್ಕಾರಿ ಕಾರ್ಯಕ್ರಮ ಬಂದರೆ ರದ್ದು ಮಾಡುವ ಅಧಿಕಾರ ಕಚೇರಿಗೆ ಇದೆ, ಒಪ್ಪುತ್ತೇನೆ. ಹುಟ್ಟುಹಬ್ಬ ಯಾವಾಗಿನಿಂದ ಸರ್ಕಾರಿ ಕಾರ್ಯಕ್ರಮವಾಯಿತು, ಸ್ವಾಮಿ? ಮಾಹಿತಿ ಹಕ್ಕಿನಲ್ಲಿ ಅದನ್ನೇ ಕೇಳಿದೆ. 2005ರ ಆ ಕಾಯ್ದೆ 30 ದಿನಗಳಲ್ಲಿ ಉತ್ತರ ಕೊಡಬೇಕೆನ್ನುತ್ತದೆ. ನನಗೆ 71ನೆಯ ದಿನ ಉತ್ತರ ಬಂತು. ಕಾರ್ಯಕ್ರಮವು ಅನಿವಾರ್ಯ ಕಾರಣಗಳಿಂದ ರದ್ದಾಗಿದೆ ಎಂಬ ಒಂದು ಸಾಲು. ಅಂದು ಸಭಾಂಗಣವನ್ನು ಯಾರಿಗೆ ಕೊಡಲಾಗಿತ್ತು ಎಂಬ ಪ್ರಶ್ನೆಯ ಎದುರು, ಮಾಹಿತಿ ಲಭ್ಯವಿಲ್ಲ. ಫ್ಲೆಕ್ಸ್ ಮೂರು ದಿನ ರಸ್ತೆಯಲ್ಲೇ ನಿಂತಿತ್ತು. ಊರಿಗೆಲ್ಲ ಲಭ್ಯವಿದ್ದ ಮಾಹಿತಿ ಕಚೇರಿಗೆ ಲಭ್ಯವಿಲ್ಲ!

ಜನವರಿಯಲ್ಲಿ ಇನ್ನೊಂದು ತಾರೀಖು ಕೊಟ್ಟರು. ಎರಡು ದಿನ ಮೊದಲು ದೀಪಗಳ ದುರಸ್ತಿ ಎಂದರು. ಆಮೇಲೆ ಪರೀಕ್ಷೆಗಳು ಬಂದವು, ಆಮೇಲೆ ಚುನಾವಣೆಯ ಕೆಲಸ ಎಂದರು, ಆಮೇಲೆ ಏನೂ ಹೇಳಲಿಲ್ಲ. ಹದಿನಾಲ್ಕು ತಿಂಗಳಾಯಿತು. ಬಾಡಿಗೆಯ 12,000 ರೂಪಾಯಿ, ಠೇವಣಿಯ 10,000 ರೂಪಾಯಿ ಅಲ್ಲೇ ಇವೆ. ಆ ಹಣಕ್ಕಾಗಿ ನನ್ನ ಎರಡು ಬಳೆಗಳನ್ನು ಅಡವಿಟ್ಟಿದ್ದೆ, ಪಿಂಚಣಿಯಲ್ಲಿ ಬಡ್ಡಿ ಕಟ್ಟುತ್ತಿದ್ದೇನೆ. ಕಚೇರಿ ಎರಡನೆಯ ಮಹಡಿಯಲ್ಲಿದೆ. ನನ್ನ ಮೊಣಕಾಲಿನ ಸ್ಥಿತಿಗೆ ಒಂದೊಂದು ಮೆಟ್ಟಿಲೂ ಲೆಕ್ಕಕ್ಕೆ ಸಿಗುತ್ತದೆ. ಇಪ್ಪತ್ತಮೂರು ಸಲ ಹತ್ತಿದ್ದೇನೆ. ಸಂಬಂಧಪಟ್ಟವರು ಸಭೆಗೆ ಹೋಗಿದ್ದಾರೆ ಎಂಬ ಉತ್ತರವನ್ನು ಅದರಲ್ಲಿ ಎಷ್ಟು ಸಲ ಕೇಳಿದೆ ಎಂದು ಎಣಿಸುವುದನ್ನು ಬಿಟ್ಟಿದ್ದೇನೆ. ಹಣ ಹೋದರೆ ಹೋಗಲಿ ಎಂದು ಮನೆಯವರು ಹೇಳುತ್ತಾರೆ. ನನ್ನ ಸಂಕಟ ಹಣದ್ದಲ್ಲ.

ಗೊಲ್ಲನ ಪಾತ್ರದ ಹುಡುಗ ಕಪ್ಪು ಐದರ, ಅಂದರೆ ಹಾರ್ಮೋನಿಯಂನ ಐದನೆಯ ಕಪ್ಪು ಮನೆಯ, ಶ್ರುತಿಯಲ್ಲಿ ಹಾಡುತ್ತಿದ್ದ. ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ ಸ್ವರಕ್ಕೆ, ಹೋಗಿ ನಿಂತರೆ ಕೋಣೆಯಲ್ಲಿದ್ದವರು ಉಸಿರು ಹಿಡಿಯುತ್ತಿದ್ದರು. ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಹಸುಗಳನ್ನು ಕರೆಯುವ ಸಾಲಿನ ನಡುವೆ ಅವನ ದನಿ ಒಡೆಯಿತು. ಮತ್ತೆ ಹಾಡಿದ, ಮತ್ತೆ ಒಡೆಯಿತು. ಮಕ್ಕಳು ನಕ್ಕರು. ಅವನು ನಗಲಿಲ್ಲ. “ಟೀಚರ್, ಶ್ರುತಿ ಇಳಿಸಿಕೊಳ್ಳೋಣವೇ?” ಎಂದ. ಇಳಿಸಿದೆವು. ಒಂದು ತಿಂಗಳಲ್ಲಿ ಅದೂ ಆಗಲಿಲ್ಲ. ಹುಡುಗರ ಗಂಟಲು ಹದಿಮೂರು ಹದಿನಾಲ್ಕರ ಆಸುಪಾಸಿನಲ್ಲಿ ಒಡೆಯುತ್ತದೆ. ಹಳೆಯ ದನಿ ಮತ್ತೆ ಬರುವುದಿಲ್ಲ. ಈಗ ಅವನು ಖಂಜಿರ ನುಡಿಸುತ್ತಾನೆ, ನನ್ನ ಮುಖ ನೋಡುವುದಿಲ್ಲ. ಒಂದೂವರೆ ವರ್ಷ ಕಲಿತ ಹಾಡನ್ನು ಅವನು ಒಂದು ದಿನವೂ ಜನರ ಮುಂದೆ ಹಾಡಲಿಲ್ಲ.

ಇನ್ನೊಂದು ದಿನ ಆಡಿಸಿ ಎಂದವರಿಗೆ ನಾನು ಹೇಳಬೇಕೆಂದಿದ್ದು ಇದನ್ನೇ. ದೊಡ್ಡವರ ನಾಟಕ ಮುಂದೂಡಿದರೆ ಮುಂದಿನ ತಿಂಗಳು ಅದೇ ನಾಟಕ ಆಡಬಹುದು. ಮಕ್ಕಳ ಗೀತನಾಟಕವನ್ನು ಮುಂದೂಡಿದರೆ ಆ ನಾಟಕ ಇರುವುದಿಲ್ಲ. ಹಲ್ಲು ಬೀಳುತ್ತದೆ, ಉಚ್ಚಾರ ಬದಲಾಗುತ್ತದೆ. ಕರುವಾಗಿದ್ದವಳು ಪುಣ್ಯಕೋಟಿಯ ಭುಜಕ್ಕೆ ಬರುತ್ತಾಳೆ. ಏಳನೆಯ ತರಗತಿಯವರು ಪ್ರೌಢಶಾಲೆಗೆ ಹೋಗುತ್ತಾರೆ, ಟ್ಯೂಷನ್ ಶುರುವಾಗುತ್ತದೆ. ನಮ್ಮ 34 ಮಕ್ಕಳಲ್ಲಿ ಒಂಬತ್ತು ಮಂದಿ ಈಗ ಬರುತ್ತಿಲ್ಲ. ಅವರ ಬದಲು ಹೊಸಬರನ್ನು ಸೇರಿಸಿ ಮೊದಲಿನಿಂದ ಕಲಿಸಿದ್ದೇನೆ. ಇನ್ನೊಮ್ಮೆ ಕಲಿಸುವ ಶಕ್ತಿ ನನಗೆ ಇಲ್ಲ. ಆದ್ದರಿಂದ ಒಂದು ತಾರೀಖು ಕೊಡಿ.

ಮಕ್ಕಳ ನಾಟಕ ತಾನೇ ಎನ್ನುವ ಮಾತನ್ನು ಈ ನಾಡಿನಲ್ಲಿ ಆಡಬಾರದು. ಬಿ.ವಿ. ಕಾರಂತರು ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದಾಗ ಹುಡುಗ. ರಾಜ್‌ಕುಮಾರ್ ಅದೇ ಕಂಪನಿಯ ರಂಗದ ಮೇಲೆ ನಿಂತಾಗ ಹುಡುಗ. ಮಲ್ಲಿಕಾರ್ಜುನ ಮನ್ಸೂರರು ನಾಟಕ ಕಂಪನಿಯಲ್ಲಿ ಹಾಡುವ ಬಾಲಕನಾಗಿದ್ದಾಗಲೇ ಅವರ ದನಿ ಸಂಗೀತಗುರು ಮಿರಜದ ನೀಲಕಂಠಬುವಾ ಅವರ ಕಿವಿಗೆ ಬಿದ್ದದ್ದು. ಅಂದು ಆ ಹುಡುಗನಿಗೆ ರಂಗವೇ ಸಿಗದಿದ್ದರೆ ಬುವಾ ಅವರಿಗೆ ಆ ದನಿ ಎಲ್ಲಿ ಕೇಳಿಸುತ್ತಿತ್ತು? ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ನಡುವೆ ನಿಂತು ಹಾಡು, ಕುಣಿತ, ನಾಟಕ ಎಲ್ಲವನ್ನೂ ಮಾಡಿಸಿದರು. ಯಕ್ಷಗಾನ ಆಡುವ ಸಾಲಿಗ್ರಾಮದ ಮಕ್ಕಳ ಮೇಳ 1970ರ ದಶಕದಲ್ಲಿ ಹುಟ್ಟಿ, ಪುಟ್ಟ ವೇಷಧಾರಿಗಳನ್ನು ಕಟ್ಟಿಕೊಂಡು ವಿದೇಶಕ್ಕೂ ಹೋಗಿ ಬಂತು. ಮೈಸೂರಿನ ರಂಗಾಯಣದ ಬೇಸಿಗೆ ರಂಗಶಿಬಿರ ಚಿಣ್ಣರ ಮೇಳಕ್ಕೆ ಮಕ್ಕಳನ್ನು ಸೇರಿಸಲು ಪೋಷಕರು ಸರತಿ ನಿಲ್ಲುತ್ತಾರೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಬೇಕಿರುವುದು ಒಂದು ಸಂಜೆ.

ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ, ಕಲೆಯಲ್ಲಿ ಮತ್ತು ಸಾಂಸ್ಕೃತಿಕ ಬದುಕಿನಲ್ಲಿ ಭಾಗವಹಿಸುವುದು ಮಗುವಿನ ಹಕ್ಕು ಎನ್ನುತ್ತದೆ. ತಾವು ಪ್ರತಿ ನವೆಂಬರ್‌ನಲ್ಲಿ ಮಕ್ಕಳೇ ನಾಡಿನ ಭವಿಷ್ಯ ಎಂದು ಭಾಷಣ ಮಾಡುವುದನ್ನು ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದೇನೆ, ಚಪ್ಪಾಳೆ ತಟ್ಟಿದ್ದೇನೆ. ಆ ಸಭೆಗಳಲ್ಲಿ ಪ್ರಾರ್ಥನೆ ಹಾಡಿದವರು ನಮ್ಮ ಮಕ್ಕಳೇ. ತಮ್ಮ ಕಾರು ಬರುವುದು ತಡವಾದಾಗ ಎರಡೂವರೆ ಗಂಟೆ ಬಿಸಿಲಿನಲ್ಲಿ ಹೂ ಹಿಡಿದು ನಿಂತವರೂ ಇವರೇ. ಇವರು ತಮಗಾಗಿ ಕಾದಿದ್ದಾರೆ. ಇದನ್ನು ಕೋಪದಿಂದಲೇ ಬರೆಯುತ್ತಿದ್ದೇನೆ, ಕ್ಷಮೆ ಕೇಳುವುದಿಲ್ಲ.

ಮತ್ತೆ ಹೇಳುತ್ತೇನೆ. ಒಂದು ತಾರೀಖು ಕೊಡಿ. ಅದನ್ನು ಲಿಖಿತವಾಗಿ, ತಮ್ಮ ಕಚೇರಿಯ ಮೊಹರಿನೊಂದಿಗೆ ಕೊಡಿ. ಮಕ್ಕಳ ಪ್ರದರ್ಶನಕ್ಕೆ ಒಮ್ಮೆ ಕೊಟ್ಟ ದಿನವನ್ನು ಖಾಸಗಿ ಸಮಾರಂಭಕ್ಕೆ ಯಾವ ಕಾರಣಕ್ಕೂ ಬದಲಾಯಿಸಬಾರದು ಎಂದು ರಂಗಮಂದಿರಕ್ಕೆ ಒಂದು ಆದೇಶ ಹೊರಡಿಸಿ. ಹಿಂದೆ ಕಟ್ಟಿದ ಬಾಡಿಗೆಯನ್ನೇ ಹೊಸ ದಿನಕ್ಕೆ ಹಿಡಿಯಲಿ, ಮತ್ತೆ ಕಟ್ಟಲು ನಮ್ಮ ಬಳಿ ಇಲ್ಲ. ಮುಖಂಡರ ಹುಟ್ಟುಹಬ್ಬಕ್ಕೆ ಊರಿನಲ್ಲಿ ಕಲ್ಯಾಣ ಮಂಟಪಗಳು ಬೇಕಾದಷ್ಟಿವೆ. ನಮಗಿರುವುದು ಇದೊಂದೇ ರಂಗ.

ಹರಿದ ಪರದೆಯನ್ನು ತಾಯಂದಿರು ಮತ್ತೆ ಹೊಲಿದಿದ್ದಾರೆ. ಸೀಳಿದ ಜಾಗದಲ್ಲಿ ಹಸಿರು ಸೀರೆಯ ಅಂಚು ಬಂದಿದೆ, ದೂರದಿಂದ ಹೊಳೆಯ ಹಾಗೆ ಕಾಣುತ್ತದೆ. ಹುಡುಗರು ಅಲ್ಲೇ ಹಸುಗಳಿಗೆ ನೀರು ಕುಡಿಸುವ ಒಂದು ಸಾಲನ್ನು ಸೇರಿಸಿಕೊಂಡಿದ್ದಾರೆ. ಮಂಗಳವಾರ, ಗುರುವಾರ, ಶನಿವಾರ ಸಂಜೆ ಐದೂವರೆಯಿಂದ ಏಳರವರೆಗೆ ನಮ್ಮ ಮನೆಯ ಪಡಸಾಲೆಯಲ್ಲಿ ಅಭ್ಯಾಸ ನಡೆಯುತ್ತದೆ. ತಾವು ಬಂದು ಕೂತು ಕೇಳಬಹುದು, ಮುಂಚೆ ತಿಳಿಸುವ ಅಗತ್ಯವಿಲ್ಲ. ಈಗ ಗೊಲ್ಲನಾಗಿ ಹಾಡುತ್ತಿರುವವನಿಗೆ ಹನ್ನೆರಡು ವರ್ಷ ನಾಲ್ಕು ತಿಂಗಳು. ಮೇಲಿನ ಷಡ್ಜ ಇನ್ನೂ ಸ್ವಚ್ಛವಾಗಿ ನಿಲ್ಲುತ್ತಿದೆ.

ಅದು ಒಡೆಯುವಷ್ಟರಲ್ಲಿ ಒಂದು ತಾರೀಖು ಕೊಡಿ.

ಇಂತಿ,
ಮಕ್ಕಳ ಗೀತನಾಟಕ ತಂಡದ ಪರವಾಗಿ,
ನಿವೃತ್ತ ಶಿಕ್ಷಕಿ