ಕಾಫಿ ಕೊಟ್ಟರು, ಉತ್ತರ ಕೊಡಲಿಲ್ಲ

ಮಾನ್ಯ ಸಂಪಾದಕರೇ,

ಮಗಳಿಗೆ ಎಂಎಸ್ಸಿ ಓದುವಾಸೆ. ಬೆಂಗಳೂರು ವಿಶ್ವವಿದ್ಯಾಲಯವೋ, ಸಿಟಿಯೊಳಗಿನ ಒಂದು ಖಾಸಗಿಯೋ ಅಂತ ಮನೆಯಲ್ಲಿ ಎರಡು ವಾರದಿಂದ ಚರ್ಚೆ. ಎರಡೂ ಕಡೆ ಹೋಗಿ ಬಂದೆವು.

ಖಾಸಗಿಯಲ್ಲಿ ಗಾಜಿನ ಕಟ್ಟಡ, ಎಸಿ ರೂಮು, ಕೂರಿಸಿ ಕಾಫಿ ಕೊಟ್ಟರು. ಪಾಠ ಮಾಡೋರು ಯಾರು, ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿದರೆ ಮಾತ್ರ ಪ್ಲೇಸ್‌ಮೆಂಟ್ ಪಟ್ಟಿ ಮುಂದಿಟ್ಟರು! ಫೀಸು ಕೇಳಿದ ಮೇಲೆ ನನ್ನ ಹೆಂಡತಿ ಕಾಫಿ ಮುಟ್ಟಲೇ ಇಲ್ಲ.

ಬೆಂಗಳೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸು ಜ್ಞಾನಭಾರತಿ ಬೇರೆಯೇ ಲೋಕ. 1964ರಲ್ಲಿ ಶುರುವಾದ ವಿಶ್ವವಿದ್ಯಾಲಯ, ಸಾವಿರ ಎಕರೆಗೂ ಜಾಸ್ತಿ ಜಾಗ, ಎಲ್ಲಿ ನೋಡಿದರೂ ಮರ, ಫೀಸೂ ನಮ್ಮ ಕೈಗೆಟುಕುವಂಥದ್ದು, ಹಳ್ಳಿಯಿಂದ ಬಂದ ಮಕ್ಕಳೂ ಹಾಸ್ಟೆಲ್‌ನಲ್ಲಿದ್ದು ಓದುತ್ತಾರೆ. 2017ರಲ್ಲಿ ಮೂರು ವಿಶ್ವವಿದ್ಯಾಲಯಗಳಾಗಿ ಹೋಳಾಯಿತು, ಅದಿರಲಿ. ನನ್ನ ಚಿಂತೆ ಮೇಷ್ಟ್ರುಗಳದ್ದು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನಿವೃತ್ತರಾದವರ ಜಾಗ ತುಂಬದೆ, ಅತಿಥಿ ಉಪನ್ಯಾಸಕರ ಮೇಲೇ ಬಂಡಿ ಓಡುತ್ತಿದೆ, ಅವರಿಗೋ ಮುಂದಿನ ವರ್ಷ ಇರ್ತೀವಾ ಅನ್ನೋದೇ ಗೊತ್ತಿರಲ್ಲ.

ಆದರೂ ನಾವು ಜ್ಞಾನಭಾರತಿಗೇ ಅರ್ಜಿ ಹಾಕಿದ್ದೇವೆ. ಸರ್ಕಾರ ಒಂದು ಕೆಲಸ ಮಾಡಲಿ: ಯಾವ ವಿಭಾಗದಲ್ಲಿ ಎಷ್ಟು ಕಾಯಂ ಅಧ್ಯಾಪಕರಿದ್ದಾರೆ ಅಂತ ಎರಡೂ ಕಡೆಯವರು ಅರ್ಜಿ ಕರೆಯುವಾಗಲೇ ಪ್ರಕಟಿಸಬೇಕು. ಸುಮ್ನೆ ಕಟ್ಟಡದ ಫೋಟೊ ನೋಡಿ ನಾವೇನು ಮಾಡೋಣ?

– ಒಬ್ಬ ತಂದೆ, ತುಮಕೂರು