ಅಕ್ಟೋಬರ್ ಕೊನೆಯ ಶನಿವಾರ ಕನ್ನಡ ತರಗತಿ ಸಬ್‌ವೇಯಲ್ಲಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಅಕ್ಟೋಬರ್ ಕೊನೆಯ ಶನಿವಾರ ನಮ್ಮ ಕನ್ನಡ ಶಾಲೆ ಎಂದಿನ ಜಾಗದಲ್ಲಿ ನಡೆಯುವುದಿಲ್ಲ. ಮಕ್ಕಳನ್ನು ಬ್ರೂಕ್ಲಿನ್‌ನಲ್ಲಿರುವ ನ್ಯೂಯಾರ್ಕ್ ಟ್ರಾನ್ಸಿಟ್ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತಿದ್ದೇವೆ. ಈ ಊರಿನ ಮೊದಲ ಸಬ್‌ವೇಯನ್ನು, ಅಂದರೆ ನೆಲದಡಿಯ ರೈಲು ದಾರಿಯನ್ನು, ಯಾರು ಅಗೆದರು, ಹೇಗೆ ಅಗೆದರು ಎಂದು ತೋರಿಸುವ ಪ್ರದರ್ಶನ ಅಲ್ಲಿದೆ.

"ವಾರಕ್ಕೆ ಸಿಗೋದೇ ಎರಡು ಗಂಟೆ ಕನ್ನಡ, ಅದನ್ನೂ ರೈಲು ನೋಡಲು ಕಳೆಯಬೇಕಾ?" ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳಲೆಂದೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಹೋದ ತಿಂಗಳು ಎರಡನೇ ಹಂತದ ಮಕ್ಕಳ ಪಾಠದಲ್ಲಿ 'ಗುದ್ದಲಿ' ಎಂಬ ಪದ ಬಂತು. ಏನದು ಎಂದು ಕೇಳಿದರು. ಬೋರ್ಡಿನ ಮೇಲೆ ಬರೆದು ತೋರಿಸಿದೆ. ಮುಂದಿನ ವಾರ ಒಬ್ಬರಿಗೂ ನೆನಪಿರಲಿಲ್ಲ. ಮಕ್ಕಳ ತಪ್ಪಲ್ಲ. ನೋಡದ ವಸ್ತುವಿನ ಹೆಸರು ನಾಲಿಗೆಯ ಮೇಲೆ ನಿಲ್ಲುವುದಿಲ್ಲ.

ಅದಾದ ಮೇಲೆ ಪ್ರವಾಸದ ಸಿದ್ಧತೆಗೆಂದು ನಾನೊಬ್ಬಳೇ ಮ್ಯೂಸಿಯಂಗೆ ಹೋಗಿ ಬಂದೆ. 'ಸ್ಟೀಲ್, ಸ್ಟೋನ್ ಅಂಡ್ ಬ್ಯಾಕ್‌ಬೋನ್' ಎಂಬುದು ಆ ಪ್ರದರ್ಶನದ ಹೆಸರು. ಉಕ್ಕು, ಕಲ್ಲು, ಬೆನ್ನುಮೂಳೆ. ಕೆಲಸ ನಡೆಯುತ್ತಿದ್ದಾಗ ತೆಗೆದ ಹಳೆಯ ಫೋಟೋಗಳನ್ನು ನೋಡುತ್ತಾ ತುಂಬಾ ಹೊತ್ತು ನಿಂತುಬಿಟ್ಟೆ. ಆಗ ಸುರಂಗವನ್ನು ಬಹುಪಾಲು ಮೇಲಿನಿಂದಲೇ ತೋಡಿದ್ದರು. ರಸ್ತೆ ಅಗೆಯುವುದು, ಉಕ್ಕಿನ ಚೌಕಟ್ಟು ನಿಲ್ಲಿಸುವುದು, ಮೇಲೆ ಮತ್ತೆ ರಸ್ತೆ ಮುಚ್ಚುವುದು. ಮೇಲೆ ಮರದ ಹಲಗೆ ಹಾಸಿ ಓಡಾಟ ನಡೆಯುತ್ತಿದ್ದರೆ, ಕೆಳಗೆ ಹಳ್ಳದಲ್ಲಿ ಟೋಪಿ ಹಾಕಿಕೊಂಡ ಆಳುಗಳು. ಕೈಯಲ್ಲಿ ಪಿಕಾಸಿ, ಸಲಿಕೆ. ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಒಡೆದ ಬಂಡೆ, ಕುದುರೆ ಗಾಡಿ. ಅಲ್ಲಿದ್ದ ಒಂದೊಂದಕ್ಕೂ ನಮ್ಮಲ್ಲಿ ಪದ ಇದೆ, ಅಲ್ವಾ? ನಮ್ಮ ಪಾಠ ಇಲ್ಲೇ ಇದೆ ಎಂದು ಆಗ ಅನಿಸಿತು.

ಈ ಫೋಟೋಗಳಲ್ಲಿ ಬಹಳಷ್ಟನ್ನು ತೆಗೆದವರು ಪಿಯರ್ ಪುಲ್ಲಿಸ್ ಮತ್ತು ಅವರ ಸಹೋದರ ಗ್ರಾನ್‌ವಿಲ್. ಅಗೆತದಿಂದ ಕಟ್ಟಡಕ್ಕೆ ಬಿರುಕು ಬಿತ್ತು ಎಂದು ಯಾರಾದರೂ ಕೋರ್ಟಿಗೆ ಹೋದರೆ ದಾಖಲೆ ಬೇಕಲ್ಲ, ಅದಕ್ಕಾಗಿ ತೆಗೆಸಿದ ಚಿತ್ರಗಳಿವು. ಅದರಿಂದಲೇ ಆ ಕೂಲಿಕಾರರ ಮುಖಗಳು ಉಳಿದುಕೊಂಡಿವೆ. ನಮ್ಮ ಪುಣ್ಯ.

ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ, ದಾರಿಯಲ್ಲಿ ಮಕ್ಕಳು ಕೇಳಿದರೆ ಬೇಕಾಗುತ್ತದೆ. 1900ರ ಮಾರ್ಚ್ 24ರಂದು ಸಿಟಿ ಹಾಲ್ ಎದುರು ಕೆಲಸ ಶುರುವಾಯಿತು. ಮುಖ್ಯ ಎಂಜಿನಿಯರ್ ವಿಲಿಯಂ ಬಾರ್ಕ್ಲೆ ಪಾರ್ಸನ್ಸ್. 1904ರ ಅಕ್ಟೋಬರ್ 27ರಂದು ಮೊದಲ ರೈಲು ಓಡಿತು. ಸಿಟಿ ಹಾಲ್‌ನಿಂದ ಗ್ರ್ಯಾಂಡ್ ಸೆಂಟ್ರಲ್‌ಗೆ, ಅಲ್ಲಿಂದ ಅಡ್ಡಕ್ಕೆ ಟೈಮ್ಸ್ ಸ್ಕ್ವೇರ್‌ಗೆ, ಮತ್ತೆ ಬ್ರಾಡ್‌ವೇ ಹಿಡಿದು 145ನೇ ಬೀದಿಯವರೆಗೆ 28 ನಿಲ್ದಾಣ. ಶಾಸ್ತ್ರಕ್ಕೆಂದು ರೈಲು ಓಡಿಸುವ ಹ್ಯಾಂಡಲ್ ಹಿಡಿಯಬೇಕಿದ್ದ ಮೇಯರ್ ಮೆಕ್‌ಲೆಲನ್ ಅದನ್ನು ಬಿಟ್ಟುಕೊಡಲಿಲ್ಲ, 103ನೇ ಬೀದಿಯವರೆಗೂ ತಾವೇ ಓಡಿಸಿದರು. ಮಕ್ಕಳಿಗೆ ಈ ಭಾಗ ಖಂಡಿತ ಇಷ್ಟವಾಗುತ್ತದೆ. ಟಿಕೆಟ್ ಐದು ಸೆಂಟ್. 1948ರವರೆಗೂ ಅಷ್ಟೇ ಇತ್ತು.

ಇನ್ನೊಂದು ವಿಷಯವನ್ನು ಮುಚ್ಚಿಡುವುದು ಬೇಡ ಎಂದು ಶಿಕ್ಷಕರೆಲ್ಲ ಕೂತು ತೀರ್ಮಾನಿಸಿದ್ದೇವೆ. 1903ರ ಅಕ್ಟೋಬರ್ 24ರ ರಾತ್ರಿ, ಮ್ಯಾನ್‌ಹಾಟನ್‌ನ ಉತ್ತರ ತುದಿಯ ಫೋರ್ಟ್ ಜಾರ್ಜ್‌ನಲ್ಲಿ, ಸುರಂಗದೊಳಗೆ ಬಂಡೆ ಕುಸಿದು ಹತ್ತು ಜನ ಸತ್ತರು. ಈ ಲೈನನ್ನು ಅಗೆದವರಲ್ಲಿ ಇಟಲಿ, ಐರ್ಲೆಂಡ್‌ಗಳಿಂದ ಹೊಟ್ಟೆಪಾಡಿಗೆ ಬಂದವರು ಜಾಸ್ತಿ. ಹತ್ತು ವರ್ಷ ದಾಟಿದ ಮಕ್ಕಳಿಗೆ ಇದನ್ನು ಹೇಳುತ್ತೇವೆ, ಚಿಕ್ಕವರಿಗೆ ಹೇಳುವುದಿಲ್ಲ. ನಿಮ್ಮ ಮಗುವಿಗೆ ಬೇಡ ಅನಿಸಿದರೆ ನನಗೆ ಮೊದಲೇ ತಿಳಿಸಿ. ನಾವೂ ದೂರದ ಊರಿನಿಂದ ಬಂದವರು. ದಿನಾ ಓಡಾಡುವ ದಾರಿಯಲ್ಲಿ ಯಾರ ಬೆವರಿದೆ ಎಂದು ನಮ್ಮ ಮಕ್ಕಳಿಗೆ ಗೊತ್ತಿರಲಿ ಎಂಬುದು ನನ್ನ ಆಸೆ.

ಈಗ ಹೋಗುವ ದಾರಿ. ಬೆಳಿಗ್ಗೆ 9:30ಕ್ಕೆ ಗ್ರ್ಯಾಂಡ್ ಸೆಂಟ್ರಲ್‌ನ ನಾಲ್ಕು ಮುಖದ ಗಡಿಯಾರದ ಹತ್ತಿರ ಸೇರೋಣ. ಅಲ್ಲಿಂದ ದಕ್ಷಿಣದ ಕಡೆ ಹೋಗುವ 6 ನಂಬರ್ ರೈಲು. ಅದು ಓಡುವುದು 1904ರ ಆ ಸುರಂಗದಲ್ಲೇ. ಆಸ್ಟರ್ ಪ್ಲೇಸ್‌ನಲ್ಲಿ ಇಳಿದು ಹತ್ತು ನಿಮಿಷ ನಿಲ್ಲುತ್ತೇವೆ. ಗೋಡೆಯ ಮೇಲೆ ಮರದ ಕಾಂಡ ಕಡಿಯುತ್ತಿರುವ ಬೀವರ್ ಪ್ರಾಣಿಯ ಉಬ್ಬು ಚಿತ್ರಗಳಿವೆ, ಸುಟ್ಟ ಮಣ್ಣಿನವು. ಬೀವರ್ ತುಪ್ಪಳದ ವ್ಯಾಪಾರದಿಂದ ಹಣ ಮಾಡಿದ ಜಾನ್ ಜೇಕಬ್ ಆಸ್ಟರ್ ಹೆಸರು ಆ ಜಾಗಕ್ಕಿದೆ, ಅದಕ್ಕೇ ಈ ಚಿತ್ರ. ಓದಲು ಬಾರದವರೂ ಅದನ್ನು ನೋಡಿದ ಕೂಡಲೇ ನಿಲ್ದಾಣ ಗುರುತಿಸಬಹುದು. ಇನ್ನೂ ಅ, ಆ ಕಲಿಯುತ್ತಿರುವ ನಮ್ಮ ಪುಟಾಣಿಗಳಿಗೆ ಇದನ್ನು ತೋರಿಸಲೇಬೇಕು.

ಆಮೇಲೆ ಬ್ರೂಕ್ಲಿನ್ ಬ್ರಿಡ್ಜ್ ನಿಲ್ದಾಣದಲ್ಲಿ 4 ನಂಬರ್ ರೈಲಿಗೆ ಬದಲಾಯಿಸಿ, 1908ರಲ್ಲಿ ತೆರೆದ ಸುರಂಗದಲ್ಲಿ ನದಿ ದಾಟಿ, ಬರೋ ಹಾಲ್‌ನಲ್ಲಿ ಇಳಿದು ನಡೆಯುತ್ತೇವೆ. ಶನಿವಾರ ಲೈನುಗಳು ಬದಲಾಗುವುದು ನಿಮಗೆ ಗೊತ್ತೇ ಇದೆ. ಬದಲಾದರೆ ಹಿಂದಿನ ರಾತ್ರಿಯೇ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತೇವೆ.

ಮ್ಯೂಸಿಯಂ ಇರುವುದೇ 1936ರಲ್ಲಿ ತೆರೆದು 1946ರಲ್ಲಿ ಮುಚ್ಚಿದ ಕೋರ್ಟ್ ಸ್ಟ್ರೀಟ್ ನಿಲ್ದಾಣದೊಳಗೆ. ಮೆಟ್ಟಿಲು ಇಳಿದು ಹೋಗುತ್ತೇವೆ. ಕೆಳಗಿನ ಪ್ಲಾಟ್‌ಫಾರಂನಲ್ಲಿ ಹಳೆಯ ಬೋಗಿಗಳು ಸಾಲಾಗಿ ನಿಂತಿವೆ. ಒಳಗೆ ಹೋಗಿ ಕೂರಬಹುದು. ಆದರೆ ಅದು ನಿಜವಾದ ಪ್ಲಾಟ್‌ಫಾರಂ, ಅಂಚಿನ ಕೆಳಗೆ ಹಳಿ ಇದೆ. ಅಲ್ಲಿ ಓಡುವಂತಿಲ್ಲ ಎಂದು ಮನೆಯಲ್ಲೇ ಒಂದು ಮಾತು ಹೇಳಿ ಕಳಿಸಿ. ಆರು ಮಕ್ಕಳಿಗೆ ಒಬ್ಬ ದೊಡ್ಡವರು ಬೇಕು. ಇನ್ನೂ ನಾಲ್ಕು ಜನ ಪೋಷಕರು ಬಂದರೆ ನಿಶ್ಚಿಂತೆ.

ಹೋದ ವರ್ಷ ಬೇರೊಂದು ಕಡೆಗೆ ಹೋದಾಗ ಮಕ್ಕಳ ಕೈಗೆ ಇಪ್ಪತ್ತು ಪ್ರಶ್ನೆಗಳ ಹಾಳೆ ಕೊಟ್ಟಿದ್ದೆ. ಎಲ್ಲರೂ ಉತ್ತರ ಹುಡುಕುತ್ತಾ ಓಡಿದರು, ಏನನ್ನೂ ನೋಡಲಿಲ್ಲ. ಆ ತಪ್ಪು ನನ್ನದೇ. ಈ ಸಲ ಹಾಳೆ ಇಲ್ಲ. ಪ್ರತಿ ಮಗುವೂ ಒಂದು ಫೋಟೋ ಆರಿಸಿಕೊಂಡು, ಅದರ ಮುಂದೆ ನಿಂತು, ಕಂಡದ್ದನ್ನು ಕನ್ನಡದಲ್ಲಿ ಹೇಳಬೇಕು. ಪದ ಗೊತ್ತಿಲ್ಲದಿದ್ದರೆ ಪಕ್ಕದಲ್ಲಿರುವ ದೊಡ್ಡವರನ್ನು ಕೇಳಬೇಕು. ಆಗ ದಯವಿಟ್ಟು ಇಂಗ್ಲಿಷಿಗೆ ಜಾರಬೇಡಿ. ನಿಮಗೂ ನೆನಪಾಗದಿದ್ದರೆ ಊರಿನಲ್ಲಿರುವ ಅಜ್ಜಿ ತಾತನಿಗೆ ಫೋಟೋ ಕಳಿಸಿ ಕೇಳಿ. ನಾನೂ ಹಾಗೇ ಮಾಡುವವಳು.

ಊಟದ ಡಬ್ಬಿ, ನೀರು, ಬೆಚ್ಚನೆಯ ಜಾಕೆಟ್ ಇರಲಿ. ಮಧ್ಯಾಹ್ನ 2:30ಕ್ಕೆ ಅದೇ ಗಡಿಯಾರದ ಹತ್ತಿರ ಮಕ್ಕಳನ್ನು ಒಪ್ಪಿಸುತ್ತೇವೆ.

ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಬರುವ ಶನಿವಾರದೊಳಗೆ ಕೊಡಿ. ಅದರ ಹಿಂಬದಿ ಖಾಲಿ ಬಿಟ್ಟಿದ್ದೇವೆ. ಈ ಊರಿಗೆ ಬಂದ ಹೊಸದರಲ್ಲಿ ನೀವು ಮೊದಲು ಹತ್ತಿದ ಸಬ್‌ವೇ ಯಾವುದು, ಎಲ್ಲಿಂದ ಎಲ್ಲಿಗೆ ಹೋದಿರಿ, ಜೊತೆಗೆ ಯಾರಿದ್ದರು, ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಹಳೆಯ ಬೋಗಿಯಲ್ಲಿ ಕೂತು ಮಕ್ಕಳಿಂದಲೇ ಅದನ್ನು ಓದಿಸುತ್ತೇವೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ