ಬೊಮ್ಮಾಯಿ ಪ್ರಕರಣ: ತೀರ್ಪು ಬಂತು, ಕುರ್ಚಿ ಬರಲಿಲ್ಲ

ಮಾನ್ಯ ಸಂಪಾದಕರೇ,

ರಾಷ್ಟ್ರಪತಿ ಆಳ್ವಿಕೆಯ ಮಾತು ಬಂದಾಗಲೆಲ್ಲ ‘ಬೊಮ್ಮಾಯಿ ತೀರ್ಪು ಇದೆಯಲ್ಲ, ಇನ್ನು ಕೇಂದ್ರ ರಾಜ್ಯ ಸರ್ಕಾರಗಳನ್ನು ಮುಟ್ಟುವಂತಿಲ್ಲ’ ಎಂದು ಬರೆಯುವುದು ರೂಢಿಯಾಗಿದೆ. ಕಾನೂನು ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲೂ ಇದೇ ಸಾಲು. ಸಂವಿಧಾನದ 356ನೇ ವಿಧಿಯಡಿ ರಾಜ್ಯ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರುವ ಅಧಿಕಾರದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ಆ ತೀರ್ಪು ಕೇಂದ್ರಕ್ಕೆ ಬೇಲಿ ಹಾಕಿದ್ದು ನಿಜ. ಕೋರ್ಟು ತನಗೂ ಒಂದು ಬೇಲಿ ಹಾಕಿಕೊಂಡಿತು ಎಂಬುದನ್ನು ಯಾರೂ ಬರೆಯುವುದಿಲ್ಲ.

ಮೊದಲು ದಿನಾಂಕಗಳನ್ನು ನೋಡಿ. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಬೊಮ್ಮಾಯಿ ಅವರ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲವನ್ನು 19 ಶಾಸಕರು ಹಿಂತೆಗೆದುಕೊಂಡಿದ್ದಾರೆ ಎಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈ ಸೇರಿದವು. 19ರಂದು ಅವರು ದೆಹಲಿಗೆ ವರದಿ ಕಳಿಸಿದರು. ಮರುದಿನವೇ ಆ 19ರಲ್ಲಿ 7 ಮಂದಿ, ದಾರಿ ತಪ್ಪಿಸಿ ಸಹಿ ಹಾಕಿಸಿಕೊಂಡರೆಂದು ದೂರಿ, ಸರ್ಕಾರಕ್ಕೇ ತಮ್ಮ ಬೆಂಬಲ ಎಂದರು. ಸದನ ಕರೆದು ಬಹುಮತ ಸಾಬೀತು ಮಾಡುವುದಾಗಿ ಎಸ್.ಆರ್. ಬೊಮ್ಮಾಯಿ ಹೇಳಿದರೂ ರಾಜ್ಯಪಾಲರು ಒಪ್ಪಲಿಲ್ಲ. 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಗೊಂಡಿತು. ಹೈಕೋರ್ಟಿನ ವಿಶೇಷ ಪೀಠ ರಿಟ್ ಅರ್ಜಿಯನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ರಾಷ್ಟ್ರಪತಿ ಆಳ್ವಿಕೆಯ ಆ ಘೋಷಣೆ ಅಸಾಂವಿಧಾನಿಕ ಎಂದದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ಚುನಾವಣೆ ಮುಗಿದು, ವೀರೇಂದ್ರ ಪಾಟೀಲ, ಬಂಗಾರಪ್ಪ ಇಬ್ಬರೂ ಆಳಿ ಹೋಗಿ, ವೀರಪ್ಪ ಮೊಯಿಲಿ ಮುಖ್ಯಮಂತ್ರಿಯಾಗಿದ್ದರು. ಪ್ರಕರಣಕ್ಕೆ ಹೆಸರು ಕೊಟ್ಟವರಿಗೆ ಪರಿಹಾರವೆಂದು ಏನೂ ಸಿಗಲಿಲ್ಲ.

ವಿದ್ಯಾರ್ಥಿಗಳು ಎಡವುವ ಮೊದಲ ಜಾಗ, ‘9 ನ್ಯಾಯಮೂರ್ತಿಗಳು ಹೇಳಿದರು’ ಎಂಬುದು. ತೀರ್ಪಿನಲ್ಲಿರುವುದು 6 ಪ್ರತ್ಯೇಕ ಅಭಿಪ್ರಾಯಗಳು. ಕೇಂದ್ರವನ್ನು ಕಟ್ಟಿಹಾಕುವ ಮಾತುಗಳು ಸಾವಂತ್, ಕುಲದೀಪ್ ಸಿಂಗ್, ಜೀವನ್ ರೆಡ್ಡಿ, ಅಗರ್ವಾಲ್, ಪಾಂಡಿಯನ್ ಈ ಐವರ ಬಲದಿಂದ ನಿಂತಿವೆ. ವರ್ಮಾ, ಯೋಗೇಶ್ವರ ದಯಾಳ್ ಮತ್ತು ಅಹ್ಮದಿ ಅವರಿಗೆ ಇಂಥ ವಿಷಯದಲ್ಲಿ ಕೋರ್ಟಿಗೆ ಇರುವ ಜಾಗ ತೀರಾ ಕಿರಿದು ಎನಿಸಿತ್ತು. ಮೂಟ್ ಕೋರ್ಟಿನಲ್ಲಿ, ಅಂದರೆ ವಿದ್ಯಾರ್ಥಿಗಳ ಅಣಕು ನ್ಯಾಯಾಲಯದಲ್ಲಿ, ಅಹ್ಮದಿಯವರ ಸಾಲನ್ನು ಬಹುಮತದ ಮಾತೆಂದು ಓದಿದರೆ ಎದುರಿನವರು ಸುಮ್ಮನಿರುವುದಿಲ್ಲ.

ಎರಡನೆಯದು 74(2)ನೇ ವಿಧಿ. ಸಚಿವ ಸಂಪುಟ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತೆಂದು ಕೋರ್ಟು ಕೇಳುವಂತಿಲ್ಲ. ಆದರೆ ಸಲಹೆಗೆ ಆಧಾರವಾದ ವರದಿ, ಕಾಗದಪತ್ರಗಳು ಸಲಹೆಯ ಭಾಗವಲ್ಲ. ಅವನ್ನು ಹಾಜರುಪಡಿಸೆಂದು ಹೇಳಬಹುದು. ಹಾಜರಾದ ಮೇಲೆ ನೋಡುವುದೇನು? ಆಧಾರ ಇದೆಯೇ, ಅದು ವಿಷಯಕ್ಕೆ ಸಂಬಂಧಪಟ್ಟದ್ದೇ, ದುರುದ್ದೇಶ ಇದೆಯೇ, ಇಷ್ಟೇ. ಆಧಾರ ಸಾಕೋ ಸಾಲದೋ ಎಂದು ತೂಗುವುದು ಕೋರ್ಟಿನ ಕೆಲಸವಲ್ಲ. ಹತ್ತು ಕಾರಣಗಳಲ್ಲಿ ಕೆಲವು ಅಸಂಬದ್ಧವಾಗಿದ್ದರೂ ಸಂಬಂಧಪಟ್ಟದ್ದೊಂದು ಉಳಿದರೆ ಘೋಷಣೆ ಉಳಿಯುತ್ತದೆ ಎಂದು ಜೀವನ್ ರೆಡ್ಡಿಯವರ ಅಭಿಪ್ರಾಯದಲ್ಲಿಯೇ ಇದೆ. ‘ಸಾಕಷ್ಟು ಆಧಾರವಿಲ್ಲ’ ಎಂಬ ವಾದದ ಮೇಲೆ ಅರ್ಜಿ ಕಟ್ಟಿದವರು ಸೋಲುವುದು ಇಲ್ಲಿಯೇ.

ಎಲ್ಲಕ್ಕಿಂತ ಮುಖ್ಯವಾದದ್ದು 356(3)ರ ಎರಡು ತಿಂಗಳು; ಅಷ್ಟರೊಳಗೆ ಸಂಸತ್ತು ಒಪ್ಪದಿದ್ದರೆ ಘೋಷಣೆ ಬಿದ್ದುಹೋಗುತ್ತದೆ. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಒಪ್ಪಿಗೆ ಸಿಗದಿದ್ದರೆ ಹಳೆಯ ಸರ್ಕಾರ ಮರಳಿ ಬರುತ್ತದೆ. ಘೋಷಣೆ ಹೊರಡುವುದನ್ನು ಕೋರ್ಟು ಮುಂಚಿತವಾಗಿ ತಡೆಯುವುದಿಲ್ಲ, ಹೊರಟ ಮೇಲೆ ಹೊಸ ಚುನಾವಣೆಗೆ ತಡೆಯಾಜ್ಞೆ ಕೊಡಬಹುದು. ಆದ್ದರಿಂದ ಅರ್ಜಿಯಲ್ಲಿ ಘೋಷಣೆ ರದ್ದುಮಾಡಿ ಎಂದಷ್ಟೇ ಕೇಳಿದರೆ ಅರ್ಧ ಕೆಲಸ. ಅಂತಿಮ ತೀರ್ಪಿನವರೆಗೆ ಚುನಾವಣೆ ನಡೆಸಬಾರದೆಂಬ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬೇಕು. ಅರ್ಜಿಯನ್ನು ಹೈಕೋರ್ಟಿಗೇ ಹಾಕಬಹುದು. ರಾಷ್ಟ್ರಪತಿ ಆಳ್ವಿಕೆಯಲ್ಲೂ ಹೈಕೋರ್ಟಿನ ಅಧಿಕಾರಕ್ಕೆ ಕೈಹಾಕುವಂತಿಲ್ಲವೆಂದು 356ನೇ ವಿಧಿಯೇ ಹೇಳುತ್ತದೆ.

ಈ ಹೆಜ್ಜೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಬಿಹಾರ ಇದೆ. ಅಲ್ಲಿನ ವಿಧಾನಸಭೆಯನ್ನು ಮೊದಲ ಸಭೆಯೂ ನಡೆಯದೆ 2005ರ ಮೇ 23ರಂದು ವಿಸರ್ಜಿಸಲಾಯಿತು. ಅದು ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ 3–2ರ ಬಹುಮತದಿಂದ ಹೇಳಿದರೂ, ಚುನಾವಣೆಯ ಪ್ರಕ್ರಿಯೆ ಆಗಲೇ ಮುಂದುವರಿದಿದ್ದರಿಂದ ಹಳೆಯ ಸಭೆಯನ್ನು ಬದುಕಿಸಲಿಲ್ಲ. ಉತ್ತರಾಖಂಡದಲ್ಲಿ ಹಾಗಾಗಲಿಲ್ಲ. 2016ರ ಮಾರ್ಚ್ 27ರ ಘೋಷಣೆಯನ್ನು ಹೈಕೋರ್ಟ್ ಏಪ್ರಿಲ್ 21ರಂದು, ಅಂದರೆ ಬೊಮ್ಮಾಯಿ ವಜಾ ಆದ ದಿನಕ್ಕೆ ಸರಿಯಾಗಿ 27 ವರ್ಷ ತುಂಬಿದಾಗ, ರದ್ದುಮಾಡಿತು. ಆದೇಶಕ್ಕೆ ಸುಪ್ರೀಂ ಕೋರ್ಟಿನಲ್ಲಿ ತಡೆ ಬಿದ್ದರೂ, ಅದೇ ಕೋರ್ಟಿನ ಸೂಚನೆಯಂತೆ ಮೇ 10ರಂದು ಸದನದಲ್ಲಿ ವಿಶ್ವಾಸಮತ ನಡೆದು ವಜಾ ಆಗಿದ್ದ ಮುಖ್ಯಮಂತ್ರಿ ಹರೀಶ್ ರಾವತ್ ಗೆದ್ದರು. ವಿಧಾನಸಭೆ ಅಮಾನತಿನಲ್ಲಷ್ಟೇ ಇದ್ದದ್ದರಿಂದ ಮತ ಹಾಕಲು ಒಂದು ಸದನ ಉಳಿದಿತ್ತು.

ಪತ್ರಿಕೆಗೆ ಒಂದು ಕೋರಿಕೆ. ಇಂಥ ಸುದ್ದಿ ಬಂದಾಗ ‘ರಾಷ್ಟ್ರಪತಿ ಆಳ್ವಿಕೆ ಹೇರಿಕೆ’ ಎಂದು ಶೀರ್ಷಿಕೆ ಕೊಟ್ಟು ನಿಲ್ಲಿಸಬೇಡಿ. ವಿಧಾನಸಭೆ ವಿಸರ್ಜನೆಯಾಗಿದೆಯೋ ಅಮಾನತಿನಲ್ಲಿದೆಯೋ, ಎರಡು ತಿಂಗಳ ಗಡುವು ಯಾವ ದಿನ ಮುಗಿಯುತ್ತದೆ, ಈ ಎರಡು ಸಂಗತಿ ಸುದ್ದಿಯ ಮೊದಲ ಪ್ಯಾರಾದಲ್ಲೇ ಇರಲಿ.

ಇಂತಿ,
ಸಂವಿಧಾನ ವಿಷಯದ ಅಧ್ಯಾಪಕರು, ಧಾರವಾಡ